ಮೂಲೆ ಹುಡುಕುವ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಕುರ್ಚಿ ಎಲ್ಲಿದೆ ಎಂದು ನೋಡುವುದಿಲ್ಲ, ಮೂಲೆ ಎಲ್ಲಿದೆ ಎಂದು ನೋಡುತ್ತಾರೆ. ಎರಡು ಗೋಡೆ ಸೇರುವ ಜಾಗ ಸಿಕ್ಕಿದ್ದೇ ತಡ, ಬೆನ್ನು ಒತ್ತಿಕೊಂಡು ನಿಂತುಬಿಡುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ಹಾಗೇ ನಿಂತಿದ್ದರು. ತುಂಬ ಸಂಕೋಚದ ಹುಡುಗ ಅಂದುಕೊಂಡು ಅಮ್ಮ ಮೆಚ್ಚಿಕೊಂಡಳು. ಸಂಕೋಚವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಮನೆಯ ಹಾಲ್ ಪೂರ್ತಿ ಒಂದೇ ಫೋಟೋದಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದರು.

ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆಯುವುದು ಭಾವನ ಕಸುಬು. ಅವರದು ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮಿರರ್‌ಲೆಸ್ ಕ್ಯಾಮೆರಾ. ಅದರ ಮೂತಿಗೊಂದು ವೈಡ್ ಲೆನ್ಸ್. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಮೈಯೆಲ್ಲ ಲೋಹ. ಅಕ್ಕನ ಮನೆಗೆ ಹೊಸ ಫ್ರಿಜ್ ಬರಬೇಕಾಗಿದ್ದ ವರ್ಷ ಬಂದದ್ದು ಈ ಲೆನ್ಸ್. ಹಳೇ ಫ್ರಿಜ್ಜು ಇವತ್ತಿಗೂ ಗೊರಕೆ ಹೊಡೆಯುತ್ತಿದೆ.

"ಇಷ್ಟು ಕೊಟ್ಟಿದ್ದಕ್ಕೆ ಜೂಮೂ ಇಲ್ವಾ?" ಎಂದು ನಾನು ಕೇಳಿದ್ದೆ.

"ಒಳ್ಳೇ ಲೆನ್ಸಿಗೆ ಜೂಮ್ ಯಾಕಮ್ಮ? ಕಾಲಿದೆಯಲ್ಲ, ಹಿಂದೆ ಮುಂದೆ ಹೋದರಾಯ್ತು" ಅಂದರು.

ಮುಂದೆ ಹೋಗಿದ್ದನ್ನು ನಾನು ಕಂಡಿಲ್ಲ. ಬರೀ ಹಿಂದೆ. ಹಾಗೆ ಹಿಂದೆ ಹೋಗುತ್ತಾ ಒಮ್ಮೆ ಯಾರದೋ ಬಾತ್‌ಟಬ್ಬಿನಲ್ಲಿ ಬಿದ್ದರು, ಇನ್ನೊಮ್ಮೆ ಯಾರದೋ ಬೀರುವಿನೊಳಗೇ ಹೋಗಿ ನಿಂತರು. ಆ ಲೆನ್ಸ್ ಕೋಳಿಗೂಡನ್ನೂ ಸಭಾಂಗಣ ಮಾಡುತ್ತದೆ. ಒಂದೇ ದೋಷ: ಅಂಚಿನಲ್ಲಿ ನಿಂತವರನ್ನು ಹಿಗ್ಗಿಸಿಬಿಡುತ್ತದೆ. ಮನೆಮಂದಿಯ ಗುಂಪು ಫೋಟೋದಲ್ಲಿ ಅಂಚಿಗೆ ನಿಂತ ನಮ್ಮ ಚಿಕ್ಕಮ್ಮ ಇಬ್ಬರಷ್ಟಾಗಿ ಬಂದಳು. ಅವತ್ತಿನಿಂದ ಭಾವನ ಜೊತೆ ಮಾತು ಬಿಟ್ಟಿದ್ದಾಳೆ.

ಅಕ್ಕ ಭಾವ ಹನ್ನೊಂದು ವರ್ಷದಿಂದ ಇರುವುದು ಒಂದು ಬಾಡಿಗೆ ಮನೆಯಲ್ಲಿ. ಹಾಲಿನಲ್ಲಿ ಸೋಫಾ, ಫ್ರಿಜ್ಜು, ಬಟ್ಟೆ ಒಣಗಿಸುವ ಸ್ಟ್ಯಾಂಡು. ಒಬ್ಬರು ಸೋಫಾದಿಂದ ಏಳಬೇಕಾದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು. "ಬೆಂಕಿಪೊಟ್ಟಣ" ಎಂದು ಅಕ್ಕ ದಿನಾ ಬೈಯುತ್ತಾಳೆ. ಆದರೆ ಅವಳು ರಕ್ತಪರೀಕ್ಷೆ ಮಾಡುವ ಲ್ಯಾಬು ಎರಡೇ ಬೀದಿ ಆಚೆ, ನಾನಿರುವುದು ಎದುರು ಕಟ್ಟಡದಲ್ಲಿ. ಹಾಗಾಗಿ ಓನರಮ್ಮ ಫೋನು ಮಾಡಿ, "ಮನೆ ಮಾರ್ತಾ ಇದೀನಮ್ಮ, ಬೇರೆ ಕಡೆ ನೋಡ್ಕೊಳ್ಳಿ" ಅಂದಾಗ ಅಕ್ಕ ಸೀದಾ ನನ್ನ ಮನೆಗೆ ಓಡಿ ಬಂದಳು. ನನ್ನ ಮುಂದೆ ಕೂತು ಅತ್ತೇಬಿಟ್ಟಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಮನೆ ಮಾರಿಸುವ ಬ್ರೋಕರು ಫೋಟೋ ತೆಗೆಯಲು ಹೇಳಿದ್ದು ಯಾರಿಗೆ? ಭಾವನಿಗೇ.

"ಕೆಟ್ಟದಾಗಿ ತೆಗೀರಿ" ಅಂದಳು ಅಕ್ಕ. "ಯಾರಿಗೂ ಇಷ್ಟ ಆಗ್ಬಾರ್ದು."

"ಸರಿ" ಅಂದರು ಭಾವ. ಹೇಳುವಾಗಲೇ ಕೈ ಲೆನ್ಸ್ ಒರೆಸುತ್ತಿತ್ತು.

ಫೋಟೋ ತೆಗೆಯುವ ದಿನ ಬೆಳಿಗ್ಗೆ ಅಕ್ಕ ನಾನು ಸೇರಿ ಮನೆಯನ್ನು ಕೆಡಿಸಿದೆವು. ಸೋಫಾದ ಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕಿದೆವು, ನೆಲದ ಮೇಲೆ ಪಾತ್ರೆ ಹರಡಿದೆವು, ಕನ್ನಡಿಗೆ ಸೋಪು ಬಳಿದೆವು. ಅಕ್ಕ ನೆಮ್ಮದಿಯಾಗಿ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಊಟಕ್ಕೆ ಬಂದು ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಟ್ಟೆಯೆಲ್ಲ ಮಡಿಕೆಯಾಗಿ ಬೀರು ಸೇರಿತ್ತು. ಪಾತ್ರೆ ತೊಳೆದಾಗಿತ್ತು, ಕನ್ನಡಿ ಫಳಫಳ ಹೊಳೆಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಲೋಟ ಎತ್ತಿಡದ ಗಂಡ ಮನೆ ಇಷ್ಟು ಚೊಕ್ಕಟ ಮಾಡಿದ್ದಾನೆಂದರೆ ಏನಾಗಿದೆಯೆಂದು ಬೇರೆ ಹೇಳಬೇಕೇ?

"ತೆಗೆದುಬಿಟ್ರಾ?"

ಭಾವ ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿದ್ದರು. "ಹತ್ತು ಗಂಟೆಗೆ ಕಿಟಕಿಯಿಂದ ಬೆಳಕು ಬಂತು ಕಣೇ. ಗೋಡೆ ಮೇಲೆ ಎಷ್ಟು ಚೆನ್ನಾಗಿ ಬಿತ್ತು ಅಂದ್ರೆ... ಈ ಲೆನ್ಸ್ ಇಟ್ಕೊಂಡು ಕೆಟ್ಟದಾಗಿ ತೆಗೆಯೋಕೆ ಕೈ ಬರ್ಲಿಲ್ಲ."

ಅಕ್ಕ ನಾಲ್ಕು ದಿನ ತುಟಿ ಪಿಟಕ್ಕೆನ್ನಲಿಲ್ಲ. ನಾನು ಆಡಬೇಕಾದದ್ದನ್ನೆಲ್ಲ ಆಡಿದೆ. ಭಾವ ಹೂಂ ಹೂಂ ಎಂದು ಕೇಳಿಸಿಕೊಂಡರು, ಪಾಪ.

ಫೋಟೋ ಬ್ರೋಕರನ ವೆಬ್‌ಸೈಟಿಗೆ ಹೋಯಿತು. ನೋಡಲು ಬರುವವರ ಸಾಲೇ ಸಾಲು. ಮೊದಲು ಬಂದ ದಂಪತಿ ಹಾಲಿನ ನಟ್ಟನಡುವೆ ನಿಂತು ಕಾದರು.

"ಹಾಲ್ ತೋರಿಸ್ತೀರಾ?" ಅಂದರು ಯಜಮಾನರು.

"ನೀವು ನಿಂತಿರೋದೇ ಹಾಲು" ಅಂದಳು ಅಕ್ಕ.

ಆ ಹೆಂಗಸು ಫೋನು ನೋಡಿದರು, ಗೋಡೆ ನೋಡಿದರು, ಮತ್ತೆ ಫೋನು ನೋಡಿದರು. "ಇದು ಚಪ್ಪಲಿ ಬಿಡೋ ಜಾಗ ಅಂದ್ಕೊಂಡೆ!"

ಆಮೇಲೆ ಬಂದವರದೂ ಅದೇ ಗೋಳು. ಸಣ್ಣ ಮನೆ ಬೇಕಾದವರು ಫೋಟೋ ನೋಡಿ ಬರಲಿಲ್ಲ, ದೊಡ್ಡ ಮನೆ ಬೇಕಾದವರು ಬಂದು ನಿಲ್ಲಲಿಲ್ಲ. ಭಾವ ಮಾತ್ರ ಸೋಲೊಪ್ಪಲಿಲ್ಲ. "ಲೆನ್ಸ್ ಸುಳ್ಳು ಹೇಳಲ್ಲ ಸಾರ್, ನೀವು ನಿಲ್ಲೋ ಜಾಗ ಸರಿಯಿಲ್ಲ" ಎಂದು ಒಬ್ಬೊಬ್ಬರನ್ನೂ ಫ್ರಿಜ್ಜಿನ ಮೂಲೆಗೆ ತಳ್ಳಿ ಕ್ಯಾಮೆರಾ ಹಿಡಿಸುತ್ತಿದ್ದರು. ಅದರಲ್ಲೊಬ್ಬ ಧಡೂತಿ ಮನುಷ್ಯ ಅಲ್ಲೇ ಸಿಕ್ಕಿಹಾಕಿಕೊಂಡ. ಫ್ರಿಜ್ಜು ಎಳೆದು ಬಿಡಿಸಬೇಕಾಯಿತು.

ಹದಿನಾಲ್ಕು ಕಡೆಯವರು ಬಂದುಹೋದರು. ಅಕ್ಕನ ಮುಖದಲ್ಲಿ ಕಳೆ ಬರತೊಡಗಿತ್ತು. ಅಷ್ಟರಲ್ಲಿ ಓನರಮ್ಮನೇ ಬಂದರು. ಬಾಡಿಗೆದಾರರೇ ಏನೋ ಕಿತಾಪತಿ ಮಾಡುತ್ತಿದ್ದಾರೆಂದು ಅವರ ಗುಮಾನಿ. ಮನೆಯೊಳಗೆ ಕಾಲಿಟ್ಟು ಎಂಟು ವರ್ಷವಾಗಿತ್ತು. ಸೋಫಾಗೆ ಮಂಡಿ ತಾಗಿಸಿಕೊಂಡು, ಸುತ್ತ ನೋಡಿ, "ಈ ಫೋಟೋ ಯಾರಪ್ಪ ತೆಗೆದಿದ್ದು? ನಾಳೆ ಬೇರೆಯವರನ್ನ ಕಳಿಸ್ತೀನಿ, ಮನೆ ಇದ್ದ ಹಾಗೆ ತೆಗೀಲಿ" ಅಂದರು.

ಅಕ್ಕ ನನ್ನ ಕೈ ಹಿಡಿದಳು. ಇದ್ದ ಹಾಗೆ ತೆಗೆದರೆ ಮುಗಿಯಿತು. ಸಣ್ಣ ಮನೆ ಹುಡುಕುವವರು ನಾಳೆಯೇ ಮುಗಿಬೀಳುತ್ತಾರೆ.

ಭಾವನ ಕಿವಿಗೆ ಬಿದ್ದದ್ದು ಬೇರೆಯೇ. ಅವರ ಲೆನ್ಸಿಗೆ ಅವಮಾನವಾಗಿತ್ತು. "ಒಂದೇ ನಿಮಿಷ ಅಮ್ಮಾ, ಇಲ್ಲಿ ಬನ್ನಿ" ಎಂದು ಎಪ್ಪತ್ತು ದಾಟಿದ ಆ ಹೆಂಗಸನ್ನು ಮೂಲೆಗೆ ನಿಲ್ಲಿಸಿ ಕ್ಯಾಮೆರಾ ಕೊಟ್ಟೇಬಿಟ್ಟರು. ನಾನು ಹಣೆ ಚಚ್ಚಿಕೊಂಡೆ.

ಓನರಮ್ಮ ಕಣ್ಣಿಟ್ಟು ನೋಡಿದರು. ಹತ್ತು ಗಂಟೆಯ ಬೆಳಕು ಗೋಡೆಯ ಮೇಲಿತ್ತು. ಎಷ್ಟು ಹೊತ್ತಾದರೂ ಕ್ಯಾಮೆರಾ ಇಳಿಸಲಿಲ್ಲ.

"ನಮ್ಮ ಯಜಮಾನರು ಈ ಮನೆ ಕಟ್ಟಿಸಿದ ದಿನ ನನಗೆ ಹೀಗೇ ಕಂಡಿತ್ತು" ಅಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಷ್ಟು ದೊಡ್ಡ ಮನೆ ಇಟ್ಕೊಂಡು ನಾನ್ಯಾಕೆ ಮಾರ್ಲಿ? ಇದ್ಕೊಳ್ಳಿ ನೀವೇ" ಎಂದು ಹೊರಟೇಹೋದರು.

ಬಾಗಿಲು ಹಾಕಿದ ಮೇಲೆ ಭಾವ ಎದೆಯುಬ್ಬಿಸಿ, "ನಾನು ಹೇಳ್ಲಿಲ್ವಾ?" ಅಂದರು.

"ಸುಮ್ನಿರಿ ಸಾಕು." ಅಕ್ಕ ಕ್ಯಾಮೆರಾ ಕಿತ್ತುಕೊಂಡು ತಾನೇ ಮೂಲೆಗೆ ಹೋಗಿ ನಿಂತಳು, ಮೊಟ್ಟಮೊದಲ ಸಲ. ಒಂದು ಕಣ್ಣು ಮುಚ್ಚಿ ನೋಡಿದಳು. "ಅಯ್ಯೋ, ಇಷ್ಟು ದೊಡ್ಡ ಮನೇಲಾ ನಾನು ದಿನಾ ಜಗಳ ಆಡ್ತಿದ್ದಿದ್ದು?" ಎಂದು ನಗತೊಡಗಿದಳು. "ರೀ, ಆ ಕಡೆ ನಿಂತ್ಕೊಳ್ಳಿ, ಒಂದು ತೆಗೀತೀನಿ."

ಭಾವ ಗುಟ್ಟು ಗೊತ್ತಿರುವವರು. ಸರಸರನೆ ಬಂದು ಹಾಲಿನ ಮಧ್ಯಕ್ಕೆ ನಿಂತರು.

"ಅಲ್ಲಲ್ಲ. ಅಂಚಿಗೆ ಹೋಗಿ. ಇನ್ನೂ ಅಂಚಿಗೆ."

ಭಾವ ಹೋಗಿ ಅಂಚಿಗೆ ನಿಂತರು. ಆ ಫೋಟೋ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರಲ್ಲಿ ಹಾಲು ಆಟದ ಮೈದಾನದಷ್ಟಿದೆ, ಭಾವ ಆ ಫ್ರಿಜ್ಜಿನಷ್ಟೇ ಅಗಲವಾಗಿದ್ದಾರೆ. ಚಿಕ್ಕಮ್ಮ ಮೊನ್ನೆ ಬಂದು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಭಾವನಿಗೆ ಕಾಫಿ ಬೇಕಾ ಎಂದು ತಾನಾಗಿ ಕೇಳಿದಳು.