ಇಲ್ಲದ ಎರಡನೇ ಡ್ರೈವ್

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ನಂಬುವವರನ್ನು ಹೆದರಿಸುವುದು ಮಾತ್ರ ನನಗೆ ಬಲು ಇಷ್ಟ. ನಮ್ಮ ಕಾಲೋನಿಯಲ್ಲಿ ಯಾರೋ ನೀರಿನ ಟ್ಯಾಂಕಿನ ಹತ್ತಿರ ಬಿಳಿ ಸೀರೆ ಕಂಡೆವೆಂದು ನಡುಗಿದರೆ, ಮರುದಿನ ಅಲ್ಲಿ ನಿಜವಾದ ಬಿಳಿ ಸೀರೆಯೊಂದನ್ನು ನೇತುಹಾಕಿ ಬಂದವಳು ನಾನೇ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಬಾಯಿಬಿಟ್ಟು ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಹದಿನಾಲ್ಕು ವರ್ಷದ ಹಿಂದಿನ ಮಾತು. ದೆಹಲಿಯ ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ನಾನೂ ವಿಮಲಾಳೂ ಕೆಲಸ ಮಾಡುತ್ತಿದ್ದೆವು. ಇಬ್ಬರೂ ಕನ್ನಡದವರು, ಇಬ್ಬರೂ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನವರು. ಅವಳ ಗಂಡ ತೀರಿಕೊಂಡಿದ್ದರು, ಮಗಳು ಕಾಲೇಜಿನಲ್ಲಿದ್ದಳು. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎನ್ನುವ ಭಯ ಅವಳಿಗೆ ಸದಾ ಇತ್ತು. ಅದಕ್ಕೇ ಅತಿ ಜಾಗ್ರತೆ.

ಸಾವಿರಾರು ಜನರ ಪಿಂಚಣಿಯ ದಾಖಲೆಗಳು ನಮ್ಮ ಸರ್ವರಿನಲ್ಲಿದ್ದವು. ದಿನಾ ಸಂಜೆ ಅವನ್ನು ಟೇಪ್ ಕ್ಯಾಸೆಟ್ಟಿಗೆ ನಕಲು ಮಾಡಬೇಕು. ಶುಕ್ರವಾರದ ಕ್ಯಾಸೆಟ್ಟನ್ನು ಒಬ್ಬರು ಮನೆಗೆ ಒಯ್ಯಬೇಕು, ಕಚೇರಿಗೆ ಬೆಂಕಿ ಬಿದ್ದರೂ ಒಂದು ನಕಲು ಹೊರಗೆ ಉಳಿಯಲಿ ಎಂದು. ಆ ಕೆಲಸ ವಿಮಲಾಳದು. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ರವಿಕೆ ಕಣದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಬ್ರೇಕ್ ಹಾಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. "ಹಾಲು ಕುಡಿಸಿದೆಯೇನೇ ಕೂಸಿಗೆ?" ಎಂದು ನಾನು ಕಾಡುತ್ತಿದ್ದೆ. "ನಿನಗೆ ಎಲ್ಲಾ ತಮಾಷೆ," ಎನ್ನುತ್ತಿದ್ದಳು.

ಆ ವಾರ ಹೊಸ ಸರ್ವರ್ ಬಂತು. ಹಳೆಯದರಲ್ಲಿದ್ದುದನ್ನೆಲ್ಲ ಶುಕ್ರವಾರ ಒಂದೇ ಕ್ಯಾಸೆಟ್ಟಿಗೆ ಇಳಿಸಿದೆವು. ಎರಡನೆಯ ನಕಲು ಬೇಕೆಂದು ವಿಮಲಾ ಹೇಳಿದಳು. ಹೊತ್ತಾಯಿತು, ಒಂದು ಸಾಕು ಎಂದರು ಸಾಹೇಬರು. ಹಳೆಯ ಸರ್ವರನ್ನೂ ಅದುವರೆಗಿನ ಹಳೆಯ ಕ್ಯಾಸೆಟ್ಟುಗಳನ್ನೂ ಪೂರ್ತಿ ಅಳಿಸಿ ಲಾರಿಗೆ ಹಾಕಿ ಕಳಿಸಿಯೂ ಬಿಟ್ಟರು. ಅವಳು ಕೈತೊಳೆಯಲು ಹೋದಾಗ ನಾನು ಡಬ್ಬಿಯಿಂದ ಕ್ಯಾಸೆಟ್ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಅದರ ಜಾಗದಲ್ಲಿ ಒಂದು ಬಟ್ಟೆ ಸೋಪು ಇಟ್ಟೆ. ಮನೆಯಲ್ಲಿ ನೋಡಿ ಕಿರುಚಿಕೊಂಡು ನನಗೆ ಫೋನ್ ಮಾಡುತ್ತಾಳೆ ಎಂದು ಶನಿವಾರವೆಲ್ಲ ಕಾದೆ. ಮಾಡಲಿಲ್ಲ. ಭಾನುವಾರ ನಾನೇ ಹೇಳಬಹುದಿತ್ತು. ಎಲ್ಲರೆದುರು ತೆಗೆದರೆ ಇನ್ನೂ ಮಜಾ ಎಂದು ಸುಮ್ಮನಾದೆ.

ಸೋಮವಾರ ಬೆಳಿಗ್ಗೆ ವಿಮಲಾ ಸಾಹೇಬರ ಮುಂದೆ ಡಬ್ಬಿ ತೆರೆದಳು. ಸೋಪು ನೋಡಿ ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿದಳು. "ಯೇ ಕ್ಯಾ ಹೈ? ಕಪಡೇ ಧೋನೇ ಆಯೀ ಹೈಂ ಆಪ್?" ಎಂದರು ಸಾಹೇಬರು. ಬಟ್ಟೆ ಒಗೆಯಲು ಬಂದಿದ್ದೀರಾ ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಸಾಹೇಬರು ಕೂಗಾಡತೊಡಗಿದರು. ಸಂಜೆಯೊಳಗೆ ಟೇಪು ಸಿಗದಿದ್ದರೆ ಸಸ್ಪೆಂಡ್ ಎಂದರು. ಕ್ಯಾಸೆಟ್ ಇದ್ದ ನನ್ನ ಚೀಲವನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ. ಈಗ ಹೇಳಿದರೆ ಸಸ್ಪೆಂಡ್ ಆಗುವವಳು ನಾನು. ಊಟದ ಹೊತ್ತಿಗೆ ಮೇಜಿನ ಕೆಳಗೆ ಬೀಳಿಸಿ, ಸಿಕ್ಕಿತು ಎಂದು ಕೂಗಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಹೊಸ ಸರ್ವರ್ ಕೊಟ್ಟ ಕಂಪನಿಯ ಸಂದೀಪ್ ತನ್ನ ಪಾಡಿಗೆ ಕೆಲಸ ಶುರುಮಾಡಿದ್ದ. ಕ್ಯಾಸೆಟ್ ಓದುವ ಯಂತ್ರವಾದ ಟೇಪ್ ಡ್ರೈವನ್ನು ತಂತಿಯಿಂದ ಜೋಡಿಸಿದರೆ ಸಾಲದು. ಡ್ರೈವರ್ ಎನ್ನುವ ಸಣ್ಣ ಪ್ರೋಗ್ರಾಂ ಹಾಕಿ, ಇದು ನಿನ್ನ ಡ್ರೈವು ಎಂದು ಸರ್ವರಿಗೆ ಪರಿಚಯ ಮಾಡಿಸಬೇಕು. ಆಗ ಪರದೆಯ ಮೇಲೆ ಅದರ ಹೆಸರು ಬರುತ್ತದೆ. ಸಂದೀಪ್ ಪರದೆ ನೋಡಿ ತಲೆ ಕೆರೆದುಕೊಂಡ. "ಮೇಡಂ, ಏಕ್ ನಹೀ, ದೋ ದಿಖಾ ರಹಾ ಹೈ," ಎಂದು ನನ್ನನ್ನು ಕರೆದ.

ಹೌದು, ಪಟ್ಟಿಯಲ್ಲಿ ಎರಡು ಡ್ರೈವುಗಳಿದ್ದವು. ಕೋಣೆಯಲ್ಲಿದ್ದದ್ದು ಒಂದೇ. ಅವನು ಡ್ರೈವರ್ ತೆಗೆದು ಮತ್ತೆ ಹಾಕಿದ. ಎರಡೇ ಬಂತು. ತಂತಿ ಕಿತ್ತ. ಮೊದಲನೆಯದು ಪಟ್ಟಿಯಿಂದ ಹೋಯಿತು, ಎರಡನೆಯದು ಉಳಿಯಿತು. ಅದರ ಮುಂದೆ, ಒಳಗೆ ಟೇಪು ಇದೆ ಎಂದು ಬರೆದಿತ್ತು. ಟೇಪಿನ ಹೆಸರಿನ ಜಾಗದಲ್ಲಿ ಶುಕ್ರವಾರ ವಿಮಲಾ ತಾನೇ ಟೈಪು ಮಾಡಿದ ಹೆಸರು. ಸಂದೀಪ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಬಟನ್ ಒತ್ತಿದ. ದಾಖಲೆಗಳು ಒಂದೊಂದಾಗಿ ಇಳಿಯತೊಡಗಿದವು.

ನಾನು ಮೇಜಿನ ಕೆಳಗೆ ಕೈಹಾಕಿ, ನನ್ನ ಚೀಲದಲ್ಲಿ ಮೊಸರನ್ನದ ಡಬ್ಬಿಯ ಪಕ್ಕದಲ್ಲಿದ್ದ ಕ್ಯಾಸೆಟ್ ಮುಟ್ಟಿದೆ. ಬಿಸಿಯಾಗಿತ್ತು. ಗಂಟೆಗಟ್ಟಲೆ ಓಡಿದ ಟೇಪನ್ನು ಯಂತ್ರದಿಂದ ತೆಗೆದಾಗ ಹೇಗಿರುತ್ತದೋ ಹಾಗೆ. ಮೊಸರನ್ನದ ಡಬ್ಬಿ ತಣ್ಣಗೇ ಇತ್ತು. ಸಂಜೆ ನಾಲ್ಕಕ್ಕೆ ಕೊನೆಯ ದಾಖಲೆ ಬಂತು. ಪಟ್ಟಿಯಿಂದ ಎರಡನೆಯ ಡ್ರೈವು ಮಾಯವಾಯಿತು. ಮತ್ತೆಂದೂ ಕಾಣಲಿಲ್ಲ.

ವಿಮಲಾ ನನ್ನ ಕೈಹಿಡಿದು ಅತ್ತುಬಿಟ್ಟಳು. "ದೇವರಿದ್ದಾನೆ ಕಣೇ," ಎಂದಳು. ಬದುಕಿದಳು, ನಾನೂ ಬದುಕಿದೆ ಎಂದು ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. ಟೇಪು ಇಲ್ಲದಿದ್ದರೆ ದಾಖಲೆ ಬಂದದ್ದೆಲ್ಲಿಂದ? ಯಾರದೋ ಹತ್ತಿರ ಕಳ್ಳ ನಕಲು ಇರಲೇಬೇಕು. ಸೋಪು ತಂದವಳ ಹತ್ತಿರವಲ್ಲದೆ ಇನ್ಯಾರ ಹತ್ತಿರ? ಸಿಕ್ಕಿಬಿದ್ದು ಹೆದರಿ ತಾನೇ ಗುಟ್ಟಾಗಿ ಜೋಡಿಸಿದ್ದಾಳೆ ಎಂದಾಯಿತು. ದಾಖಲೆ ಬರದೇ ಹೋಗಿದ್ದರೆ ಅದು ಬರೀ ಅಜಾಗ್ರತೆ. ಬಂದದ್ದರಿಂದ ಕಳ್ಳತನ. ವಿಚಾರಣೆಯಲ್ಲಿ ಸಂದೀಪ್, ಯಾರೋ ಇನ್ನೊಂದು ಡ್ರೈವು ಸಿಕ್ಕಿಸಿರಬೇಕು ಎಂದುಬಿಟ್ಟ. ಅವನಿಗೂ ನೌಕರಿ ಬೇಕಿತ್ತು.

ನನ್ನನ್ನು ಕರೆಯುವ ಮೊದಲು ವಿಮಲಾ ವರಾಂಡದಲ್ಲಿ ನನ್ನ ಸೆರಗು ಹಿಡಿದುಕೊಂಡಳು. "ಇಷ್ಟು ವರ್ಷದಿಂದ ನೋಡಿದ್ದೀಯಲ್ಲೇ, ನಾನು ಅಂಥವಳಾ? ಅಷ್ಟು ಹೇಳೇ, ಸಾಕು."

ಒಳಗೆ ಹೋಗಿ, "ನನಗೇನೂ ಗೊತ್ತಿಲ್ಲ ಸರ್," ಎಂದೆ. ಇಷ್ಟು ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನವನ್ನೂ ಕೇಳಿ: ಕ್ಯಾಸೆಟ್ ತೋರಿಸಿದ್ದರೂ ಅದು ಚೀಲದೊಳಗಿಂದ ಸರ್ವರಿಗೆ ಹೇಗೆ ಹೋಯಿತೆಂದು ಯಾರು ನಂಬುತ್ತಿದ್ದರು? ಕಳ್ಳಿ ನಾನಾಗುತ್ತಿದ್ದೆ, ಅಷ್ಟೇ. ಆ ವಾರವೇ ಅದನ್ನು ಪೂಜೆಯ ಬಾಡಿದ ಹೂವಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಸೇತುವೆಯ ಮೇಲೆ ಆಟೋ ನಿಲ್ಲಿಸಿ ಯಮುನೆಗೆ ಎಸೆದೆ. "ಪುಣ್ಯದ ಕೆಲಸ, ಮಾತಾಜೀ," ಎಂದು ಆಟೋ ಭಯ್ಯಾ ಹಿಂದಿಯಲ್ಲಿ ಹೊಗಳಿದ.

ವಿಮಲಾಳಿಂದ ರಾಜೀನಾಮೆ ಬರೆಸಿಕೊಂಡರು. ಪಿಂಚಣಿ ಹೋಯಿತು. ಕ್ವಾರ್ಟರ್ಸ್ ಬಿಡಿಸಿದರು. ಮಗಳ ಓದು ನಿಂತಿತು. ಘಾಜಿಯಾಬಾದಿನಲ್ಲಿ ಒಂದು ಕೋಣೆ ಹಿಡಿದಳು. ಸಾಮಾನು ಕಟ್ಟಲು ಕಚೇರಿಯಿಂದ ಹೋದವಳು ನಾನೊಬ್ಬಳೇ. ಅದಕ್ಕೆ, ಕಷ್ಟದಲ್ಲಿ ಕೈಬಿಡದವಳು ನೀನೊಬ್ಬಳೇ ಎಂದು ಇವತ್ತಿಗೂ ಎಲ್ಲರೆದುರು ನನ್ನನ್ನು ಹೊಗಳುತ್ತಾಳೆ. ನಾನು ಬೇಡವೆನ್ನುವುದಿಲ್ಲ.

ಆ ಮಧ್ಯಾಹ್ನ ಬಂದದ್ದು ಏನು? ಅವಳನ್ನು ಉಳಿಸಲು ಬಂದಿದ್ದರೆ ಮುಳುಗಿಸಿದ್ದೇಕೆ? ನನ್ನನ್ನು ಹಿಡಿಯಲು ಬಂದಿದ್ದರೆ ಬಿಟ್ಟು ಹೋದದ್ದೇಕೆ? ಗುರುಗ್ರಾಮದಲ್ಲಿ ಇದೇ ಕೆಲಸದಲ್ಲಿರುವ ಅಳಿಯನನ್ನು, ಯಾರದೋ ಕತೆ ಎನ್ನುವಂತೆ ಕೇಳಿದೆ. ಇಲ್ಲದ ಡ್ರೈವು ಪಟ್ಟಿಯಲ್ಲಿ ಕಾಣುವುದುಂಟು ಅತ್ತೆ, ಆದರೆ ಅದರಿಂದ ಏನೂ ಬರುವುದಿಲ್ಲ ಎಂದ.

ಪ್ರತಿ ಭಾನುವಾರ ವಿಮಲಾ ಫೋನ್ ಮಾಡುತ್ತಾಳೆ. ಮಂಡಿನೋವು, ಮಗಳ ಸಂಸಾರ ಎಲ್ಲ ಮುಗಿದ ಮೇಲೆ ಕೇಳುತ್ತಾಳೆ, "ಅಲ್ವೇ, ಅದು ಎಲ್ಲಿಂದ ಬಂದಿರಬಹುದೇ?"

"ಗೊತ್ತಿಲ್ಲ ಕಣೇ," ಎನ್ನುತ್ತೇನೆ. ಅವಳಿಗೆ ನಾನು ಹೇಳುವ ಮಾತುಗಳಲ್ಲಿ ಅದೊಂದೇ ನಿಜ.