ಎತ್ತಿನ ಮೊದಲ ಪಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ವಯಸ್ಸಾದ ಮೇಲೆ ತಣ್ಣಗಾಗಿದ್ದೇನೆ ಎಂದು ಮನೆಯವರು ಹೇಳುತ್ತಾರೆ, ನನಗೇ ನಂಬಿಕೆಯಿಲ್ಲ. ಎಪ್ಪತ್ತರ ದಶಕದ ನಡುವೆ ಬಸವನ ಬಾಗೇವಾಡಿ ತಾಲೂಕಿನಲ್ಲಿ ಗ್ರಾಮಸೇವಕನಾಗಿ ಸೇರಿದಾಗ ಆ ಕೋಪದ ಜೊತೆಗೆ ನನ್ನಲ್ಲಿ ಇದ್ದದ್ದು ಒಂದು ಸೈಕಲ್ಲು ಮತ್ತು ತರಬೇತಿಯಲ್ಲಿ ಬರೆದುಕೊಂಡ ಎರಡು ನೋಟುಬುಕ್ಕು. ನಾನು ಇಂಡಿ ಕಡೆಯ ಹೊರ್ತಿಯವನು, ಒಕ್ಕಲುತನದ ಮನೆಯವನೇ. ಆದರೆ ತರಬೇತಿ ಮುಗಿಸಿ ಬಂದ ಮೇಲೆ ನಮ್ಮ ಅಪ್ಪನಿಗೂ ಬೇಸಾಯ ಗೊತ್ತಿಲ್ಲ ಎಂದು ಅನಿಸತೊಡಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಐಶ್ವರ್ಯವಲ್ಲ, ಯೂರಿಯಾ.

ಮಸೂತಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ನನ್ನ ಪಾಲಿನ ಹಳ್ಳಿಗಳು ಅಲ್ಲಿಂದ ಕೊಲ್ಹಾರದ ಹೊಳೆಯ ದಂಡೆಯವರೆಗೆ ಹರಡಿದ್ದವು. ಹೊಳೆಯ ಸಮೀಪದ ಒಂದು ಹಳ್ಳಿಯಲ್ಲಿ, ಎಂಟು ಎಕರೆ ಕರಿಮಣ್ಣಿನ ಎರೆಹೊಲ ಇದ್ದ ಒಂದು ಮನೆಗೆ ನಾನು ಮೇಲಿಂದ ಮೇಲೆ ಹೋಗುತ್ತಿದ್ದೆ. ಮನೆಯಲ್ಲಿ ಇದ್ದವರು ತಾಯಿ, ಮಗ, ಒಂದು ಜೋಡಿ ಎತ್ತು. ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಮಗ ನನಗಿಂತ ಐದಾರು ವರ್ಷ ದೊಡ್ಡವನು, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳಿದ್ದೆಲ್ಲ ಅವನಿಗೆ ವೇದವಾಕ್ಯ. ಅದಕ್ಕೇ ಆ ಮನೆಗೆ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಹೊಲದ ತಗ್ಗಿನಲ್ಲಿ ಒಂದು ಎಕರೆಯಷ್ಟು ಪಟ್ಟಿ ಇತ್ತು. ಅದಕ್ಕೆ ದೊಡ್ಡವ್ವ ನೇಗಿಲು, ಕುಂಟೆ ಏನನ್ನೂ ಮುಟ್ಟಿಸುತ್ತಿರಲಿಲ್ಲ. ಹಿಂಗಾರಿನಲ್ಲಿ ಅಲ್ಲಿ ಹುರಳಿ ಚೆಲ್ಲಿ, ಬೇಕಾದಷ್ಟು ಕಾಯಿ ಹರಿದುಕೊಂಡು, ಬಳ್ಳಿಯನ್ನು ಅಲ್ಲೇ ಒಣಗಲು ಬಿಡುತ್ತಿದ್ದಳು. ದನ ಮೇಯದಂತೆ ಸುತ್ತಲೂ ಜಾಲಿಮುಳ್ಳು ಹಚ್ಚುತ್ತಿದ್ದಳು. ಬೇಸಿಗೆಯಲ್ಲಿ ಅಕ್ಕಪಕ್ಕದ ಎರೆ ಕಾಲು ತೂರುವಷ್ಟು ಬಿರಿದರೆ, ಆ ಒಣ ಬಳ್ಳಿಯ ಕೆಳಗಿನ ಮಣ್ಣು ಮಾತ್ರ ಮೆತ್ತಗಿರುತ್ತಿತ್ತು. ಮಿರಗದ, ಅಂದರೆ ಮೃಗಶಿರಾ, ಮಳೆ ಬಿದ್ದ ಕೂಡಲೇ ತಾಯಿ ಮಗ ಕಬ್ಬಿಣದ ಮೊನೆಯ ಕೋಲು ಹಿಡಿದು, ಬಳ್ಳಿಯ ನಡುವೆ ಕುಣಿ ಮಾಡಿ, ಕುಣಿಗೆ ಎರಡು ಅಲಸಂದಿ ಕಾಳು ಹಾಕುತ್ತ ಹೋಗುತ್ತಿದ್ದರು.

ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಸರಕಾರ ಟ್ರ್ಯಾಕ್ಟರ್ ಮಾತಾಡುತ್ತಿರುವ ಕಾಲದಲ್ಲಿ ಇವರು ಕೋಲಿನಿಂದ ನೆಲ ಚುಚ್ಚುತ್ತಿದ್ದರು. ಪಟ್ಟಿಯನ್ನು ಉಳು, ಗೊಬ್ಬರ ಹಾಕು ಎಂದು ನಾನು ಕೂಗಾಡಿದಾಗ ದೊಡ್ಡವ್ವ ನಕ್ಕಳು.

“ನೆಲ ಹೊಚಗೊಂಡು ಮಲಗೇತ್ರಿ ಸಾಹೇಬ್ರ. ಮಲಗಿದವರ ಮ್ಯಾಲಿನ ಕೌದಿ ಕಿತ್ತರ ನಿಮಗ ಸಿಟ್ಟ ಬರೂದಿಲ್ಲೇನು?”

ನನಗೆ ಕೌದಿ ಕೀಳದೆಯೂ ಸಿಟ್ಟು ಬರುತ್ತಿತ್ತು. ಕೊನೆಗೆ ಮಗನೇ ಗೋಗರೆದು ತಾಯಿಯನ್ನು ಒಪ್ಪಿಸಿದ. ಉಳುಮೆ ಬೇಡ, ಆದರೆ ಅರ್ಧ ಪಟ್ಟಿಗೆ ಯೂರಿಯಾ ಹಾಕಿ ನೋಡೋಣ ಎಂದಾಯಿತು. ನಾನೇ ಚೀಲ ತರಿಸಿ, ಅಲಸಂದಿ ಗೇಣುದ್ದ ಬಂದಾಗ ಒಂದು ಹದ ಮಳೆ ನೋಡಿ ಕೈಯಾರೆ ಎರಚಿದೆ. ಹಟದಿಂದ ಲೆಕ್ಕಕ್ಕಿಂತ ಜಾಸ್ತಿಯೇ ಎರಚಿದೆ.

ಎಂಟೇ ದಿನದಲ್ಲಿ ನನ್ನ ಅರ್ಧ ಕಡುಹಸಿರಾಗಿ ನಿಂತಿತು. ಎಲೆಗಳು ಅಂಗೈಗಿಂತ ಅಗಲವಾದವು. ಹಾದಿಯಲ್ಲಿ ಹೋಗುವವರು ಬಂಡಿ ನಿಲ್ಲಿಸಿ ನೋಡತೊಡಗಿದರು. ನಾನು ಅರಳಿ ಹೋದೆ. ಮೇಲಿನ ಅಧಿಕಾರಿಗಳು ಬಂದು ನೋಡುವುದೆಂದೂ ನಿಶ್ಚಯವಾಯಿತು. ಅವರು ಬರುವ ಹಿಂದಿನ ದಿನ ದೊಡ್ಡವ್ವ ನನ್ನನ್ನು ಹೊಲಕ್ಕೆ ಕರೆದು ಎರಡು ಕಡೆಯಿಂದ ಒಂದೊಂದು ಗಿಡ ಕಿತ್ತಳು. ಅವಳ ಅರ್ಧದ ಗಿಡದ ಬೇರಿನಲ್ಲಿ ಸಜ್ಜೆ ಕಾಳಿಗಿಂತ ದಪ್ಪನೆಯ ಗಂಟುಗಳು ಕಿಕ್ಕಿರಿದಿದ್ದವು. ಉಗುರಿನಿಂದ ಒಂದನ್ನು ಒಡೆದಳು, ಒಳಗೆ ಕೆಂಪಗೆ ಇತ್ತು. ನನ್ನ ಗಿಡದ ಬೇರು ಬೋಳು.

“ಇದು ದುಡ್ಯಾಕತ್ತೈತಿ,” ಎಂದು ತನ್ನದನ್ನು ತೋರಿಸಿದಳು. “ಇದು ಬರೇ ಉಣ್ಣಾಕತ್ತೈತಿ. ಬಿಟ್ಟಿ ಕೂಳ ಸಿಕ್ಕ ಮ್ಯಾಲ ಯಾರ ದುಡೀತಾರ್ರಿ?”

ಆ ಮಾತು ನನಗೆ ಗೊತ್ತಿತ್ತು. ನನ್ನದೇ ನೋಟುಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ, ಕಾಳಿನ ಬೆಳೆಗಳು ತಮ್ಮ ಸಾರಜನಕವನ್ನು ಬೇರಿನ ಗಂಟುಗಳಿಂದ ತಾವೇ ಮಾಡಿಕೊಳ್ಳುತ್ತವೆ, ಅವಕ್ಕೆ ಮೇಲಿಂದ ಹೆಚ್ಚು ಕೊಡಬಾರದು ಎಂದು ಇತ್ತು. ಆ ಸಂಜೆ ಕೋಣೆಗೆ ಹೋಗಿ ಓದಿದೆ. ಓದಿ ಮುಚ್ಚಿಟ್ಟೆ. ಮರುದಿನ ಅಧಿಕಾರಿಗಳು ಬಂದು ಹಸಿರು ನೋಡಿ ನನ್ನ ಬೆನ್ನು ತಟ್ಟಿ ಹೋದರು. ಗಣಪತಿ ಹಬ್ಬದ ಹೊತ್ತಿಗೆ ದೊಡ್ಡವ್ವ ತನ್ನ ಅರ್ಧದಲ್ಲಿ ಎರಡು ಸಲ ಕಾಯಿ ಬಿಡಿಸಿದ್ದಳು. ನನ್ನ ಅರ್ಧದಲ್ಲಿ ಬಳ್ಳಿ ಇನ್ನೂ ಹಬ್ಬುತ್ತಲೇ ಇತ್ತು, ಎಲೆಯ ಕೆಳಗೆಲ್ಲ ಕರಿ ಹೇನು ಮುಕುರಿಕೊಂಡಿತ್ತು. ಕಾಯಿ ನೋಡಲು ಯಾವ ಅಧಿಕಾರಿಯೂ ಬರಲಿಲ್ಲ.

ಉಳಿದ ಅರ್ಧ ಚೀಲ ಯೂರಿಯಾವನ್ನು ಮಗ ಬಾಯಿ ಬಿಗಿದು, ಮನೆಯೊಳಗೆ ದನ ಕಟ್ಟುವ ಕಡೆ, ಮೇವು ಹಾಕುವ ಗ್ವಾದಲಿಯ ಮೇಲಿನ ತೊಲೆಗೆ ನೇತುಹಾಕಿದ. ಅಲ್ಲಿಂದ ತೆಗೆಸಬೇಕಿತ್ತು. ಹೋದಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಮಗನಿಗೆ ಹೆಣ್ಣು ಗೊತ್ತಾಯಿತು. ಹೆಣ್ಣು ಮುದ್ದೇಬಿಹಾಳದ ಕಡೆಯವಳು. ಅವಳ ಅಪ್ಪ ಬಂದವನು ಮನೆಯೊಳಗೆ ಕಾಲಿಡುವ ಮೊದಲು ಎತ್ತುಗಳ ಬಳಿ ಹೋದ. ಅವುಗಳ ಹೆಗಲು ಸವರಿದ, ಗೊರಸು ಎತ್ತಿ ನೋಡಿದ, ಹೊರಗೆ ಬಂದು ಕೈ ತೊಳೆದುಕೊಂಡು, “ಎತ್ತಿನ ಹೊಟ್ಟಿ ನೋಡಿದ್ರ ಮನಿ ಗೊತ್ತಾಗತೈತಿ. ನನ್ನ ಮಗಳು ಇಲ್ಲಿ ಉಪವಾಸ ಇರೂದಿಲ್ಲ ಬಿಡ್ರಿ,” ಎಂದ. ದೀವಳಿಗೆ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಎತ್ತಿನ ಹೊಟ್ಟೆಯ ಮಾತು ನಿಜವೂ ಆಗಿತ್ತು. ಆ ಮನೆಯಲ್ಲಿ ಹೊಸದು ಏನೇ ಬರಲಿ, ಮೊದಲ ಪಾಲು ಎತ್ತಿಗೆ. ಹೊಸ ಜೋಳದ ತೆನೆ, ಮೊದಲ ಅಲಸಂದಿ ಕಾಯಿ, ಸಂತೆಯಿಂದ ತಂದ ಬೆಲ್ಲದ ಮೊದಲ ಹೆಂಟೆ ಕೂಡ ಅವುಗಳ ಬಾಯಿಗೆ ಹೋದ ಮೇಲೆಯೇ ಮನುಷ್ಯರಿಗೆ.

ಕಾರಹುಣ್ಣಿಮೆಗೆ ನಾಲ್ಕು ದಿನ ಇರುವಾಗ ನಾನು ಆ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ದೊಡ್ಡವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಗ ಎತ್ತುಗಳ ಮೈ ತಿಕ್ಕುತ್ತಿದ್ದವನು ತೊಲೆಯ ಕಡೆ ನೋಡಿ ಕೇಳಿದ.

“ಸಾಹೇಬ್ರ, ಇದನ್ನ ದನಾ ತಿಂದ್ರ ಏನಾಗತೈತ್ರಿ?”

ಗೊತ್ತಿಲ್ಲ ಎನ್ನುವುದು ನನ್ನ ಜಾತಕದಲ್ಲೇ ಇರಲಿಲ್ಲ. “ಹೊರದೇಶದಾಗ ಹೊಟ್ಟಿನ ಕೂಡ ಕಲಸಿ ದನಕ್ಕ ತಿನಸ್ತಾರ, ಅಣ್ಣಾ. ಮೈ ತುಂಬಿಕೊಂತಾವ,” ಎಂದೆ. ಅದೂ ನೋಟುಬುಕ್ಕಿನಲ್ಲಿತ್ತು. ಮೂರು ಸಾಲು ಇತ್ತು. ಮೂರನೆಯ ಸಾಲಿನಲ್ಲಿ ಎಷ್ಟು ಕಡಿಮೆ ಹಾಕಬೇಕು, ಹೆಚ್ಚಾದರೆ ವಿಷ ಎಂದು ಇತ್ತು. ನಾನು ಎರಡು ಸಾಲು ಹೇಳಿ ಚಹಾ ಮುಗಿಸಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಗೊಟ್ಟ ಹಾಕುವುದು ನಮ್ಮ ಕಡೆಯ ಪದ್ಧತಿ. ಎಣ್ಣೆ, ಅರಿಶಿನ, ತತ್ತಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಎತ್ತಿನ ಬಾಯಿ ಮೇಲೆತ್ತಿ ಗಂಟಲಿಗೆ ಇಳಿಸುತ್ತಾರೆ. ಸಂಜೆ ಕರಿ ಹರಿಯಲು, ಎಂದರೆ ಊರ ಬಾಗಿಲಿಗೆ ಅಡ್ಡ ಕಟ್ಟಿದ ಬೇವಿನ ತೋರಣ ಹರಿಯಲು, ಎತ್ತುಗಳನ್ನು ಓಡಿಸುತ್ತಾರೆ. ಹೋಳಿಗೆ ಊಟಕ್ಕೆ ಬರಲೇಬೇಕೆಂದು ಮಗ ಹೇಳಿದ್ದ. ನಾನು ಹೋದಾಗ ಬಿಸಿಲು ಇನ್ನೂ ಏರಿರಲಿಲ್ಲ. ಕೊಂಬಿಗೆ ಕೆಂಪು ಬಣ್ಣ ಬಳಿದ ಎತ್ತುಗಳು ಅಂಗಳದಲ್ಲಿ ನಿಂತಿದ್ದವು. ನಿಂತ ರೀತಿ ಸರಿಯಿರಲಿಲ್ಲ. ಒಂದರ ತೊಡೆ ನಡುಗುತ್ತಿತ್ತು. ಇನ್ನೊಂದರ ಬಾಯಿಯಿಂದ ನೊರೆ ಇಳಿಯುತ್ತಿತ್ತು. ನಾನು ತೊಲೆಯ ಕಡೆ ನೋಡಿದೆ. ಚೀಲ ಕೆಳಗಿತ್ತು, ಬಾಯಿ ಬಿಚ್ಚಿತ್ತು.

ಮಗ ನನ್ನನ್ನು ಕಂಡು ಓಡಿ ಬಂದ.

“ಗೊಟ್ಟದಾಗ ಒಂದೊಂದ ಬೊಗಸಿ ಹಾಕೇನ್ರಿ ಸಾಹೇಬ್ರ. ಕಡಿಮಿ ಆತೇನ್ರಿ? ಅದಕ್ಕ ಹಿಂಗ ಮಾಡಾಕತ್ತಾವೇನ್ರಿ?”

ನಾನು ಏನು ಹೇಳಿದೆನೋ ನೆನಪಿಲ್ಲ. ದೊಡ್ಡವ್ವ ಹುಳಿ ಮಜ್ಜಿಗೆಯ ಗಡಿಗೆ ತಂದು ಅದೇ ಗೊಟ್ಟದಿಂದ ಹಾಕಲು ನೋಡಿದಳು. ಎತ್ತು ಬಾಯಿ ಕಚ್ಚಿ ಹಿಡಿದಿತ್ತು. ಹೊಟ್ಟೆ ಉಬ್ಬಿ, ಹೂಂಕರಿಸಿ, ಮೊದಲು ಎಡಗಡೆಯದು ಬಿತ್ತು. ಬಾಗೇವಾಡಿಯಿಂದ ದನದ ಡಾಕ್ಟರನ್ನು ಕರೆತರಲು ಯಾರೋ ಸೈಕಲ್ ಹತ್ತಿದರು. ಅವರು ಬರುವಷ್ಟರಲ್ಲಿ ಬಲಗಡೆಯದೂ ಹೋಗಿತ್ತು. ಆ ಸಂಜೆ ಊರಲ್ಲಿ ಕರಿ ಹರಿಯಲಿಲ್ಲ.

ಎತ್ತು ಕೊಂದವನು ಎಂಬ ಮಾತಿಗಿಂತ ದೊಡ್ಡ ಮಾತು ನಮ್ಮ ಕಡೆ ಇಲ್ಲ. ಕಟ್ಟೆಯ ಮೇಲೆ ಮಗನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಬಿತ್ತಿಗೆಯ ಸಮಯದಲ್ಲಿ ಒಬ್ಬರಿಗೊಬ್ಬರು ಎತ್ತು ಕೊಡುವ ಊರು ಅದು. ಅವನಿಗೆ ಒಂದು ಮನೆಯೂ ಕೊಡಲಿಲ್ಲ. ಅವನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಸಾಹೇಬರು ಹೇಳಿದ್ದರು, ದನ ತಿನ್ನುತ್ತವೆ ಎಂದಿದ್ದರು. ಜನ ನಂಬಲಿಲ್ಲ. ಓದಿದವನು ಹಾಗೆ ಹೇಳುತ್ತಾನೆಯೇ ಎಂದರು.

ಎಂಟನೆಯ ದಿನ ಹೆಣ್ಣಿನ ಅಪ್ಪ ಮಸೂತಿಗೆ ನನ್ನ ಕೋಣೆಗೇ ಬಂದ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ನೆಲದ ಮೇಲೆ ಕೂತ. ಖುರ್ಚಿಯಲ್ಲಿ ಕೂಡಿರಿ ಎಂದರೂ ಕೂಡಲಿಲ್ಲ.

“ಒಂದ ಮಾತ ಕೇಳಾಕ ಬಂದೇನ್ರಿ. ಆ ಹುಡುಗ ನಿಮ್ಮ ಹೆಸರ ಹೇಳತಾನ. ನೀವು ಹೇಳಿದ್ದು ಖರೇ ಆದ್ರ ಅವನ್ದೇನೂ ತಪ್ಪಿಲ್ಲ. ನಂಬಿ ಕೆಟ್ಟಾನ, ಅಷ್ಟ. ನನ್ನ ಮಗಳನ್ನ ಕೊಡತೇನಿ. ಸುಳ್ಳಾದ್ರ, ಎತ್ತೂ ಕೊಂದು ಮತ್ತೊಬ್ಬರ ಮ್ಯಾಲೆ ಹಾಕೂ ಮನಿಗೆ ಹೆಂಗ ಕೊಡಲಿ? ನೀವು ಓದಿದವರು. ಖರೇ ಏನೈತಿ ಹೇಳ್ರಿ.”

ಹೌದು ಎಂಬ ಒಂದೇ ಮಾತು ಸಾಕಿತ್ತು. ಆದರೆ ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ಹೆದರಿದೆ. ಹೆದರಿಕೆ ಬಂದಾಗ ನನಗೆ ಸಿಟ್ಟೂ ಬರುತ್ತದೆ, ಆ ಸಿಟ್ಟು ನನಗೆ ಆ ದಿನ ಆಸರೆಯಾಯಿತು.

“ಹೊಲಕ್ಕ ಹಾಕ್ರಿ ಅಂದೇನಿ, ದನಕ್ಕ ಹಾಕ್ರಿ ಅಂತ ಯಾರರ ಹೇಳತಾರೇನ್ರಿ?” ಎಂದು ದನಿ ಏರಿಸಿದೆ. “ತಾವು ಮಾಡೂದು, ಸರಕಾರದ ಮ್ಯಾಲೆ ಹಾಕೂದು!”

“ಆತು ಬಿಡ್ರಿ,” ಎಂದು ಮುದುಕ ರುಮಾಲು ಸುತ್ತಿಕೊಂಡು ಎದ್ದ. ನಾನು ಕೊಟ್ಟ ನೀರು ಕುಡಿಯಲಿಲ್ಲ.

ಮುಂದೆ ನನ್ನನ್ನು ಸಿಂದಗಿಗೆ ಹಾಕಿದರು. ಅಲ್ಲಿ ಎಷ್ಟೋ ವರ್ಷ ಊರೂರು ತಿರುಗಿ, ಕಾಳಿನ ಬೆಳೆಗೆ ಯೂರಿಯಾ ಹಾಕಬೇಡಿ, ದನದ ಹತ್ತಿರ ಚೀಲ ಇಡಬೇಡಿ ಎಂದು ಗಂಟಲು ಹರಿದುಕೊಂಡಿದ್ದೇನೆ. ಒಳ್ಳೆಯ ಗ್ರಾಮಸೇವಕ ಎಂಬ ಹೆಸರೂ ಬಂತು. ಆ ತಗ್ಗಿನ ಪಟ್ಟಿ ಈಗ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ, ಆ ತಾಯಿ ಮಗ ಎಲ್ಲಿ ಹೋದರೋ ನಾನು ವಿಚಾರಿಸಲಿಲ್ಲ. ವಿಚಾರಿಸಲು ಧೈರ್ಯ ಬೇಕು.

ಅವರನ್ನು ಕೊನೆಯ ಸಲ ನೋಡಿದ್ದು ಆ ವರ್ಷದ ಆರಿದ್ರಾ ಮಳೆಯಲ್ಲಿ. ಮದುವೆ ಮುರಿದು ಹತ್ತು ದಿನವಾಗಿತ್ತು. ಹೊಳೆಯ ಕಡೆ ಮೋಡ ಕಟ್ಟಿ ಮಧ್ಯಾಹ್ನವೇ ಕತ್ತಲಾಗಿತ್ತು. ಎತ್ತಿಲ್ಲದ ಹೊಲ ಉಳದೆ ಹಾಗೇ ಬಿದ್ದಿತ್ತು. ಹುರಳಿಯ ಪಟ್ಟಿಯಲ್ಲಿ ಬಿತ್ತುವುದು ಮುಗಿದಿತ್ತು, ಅಲ್ಲಿ ಅಲಸಂದಿ ಎರಡೆಲೆ ಒಡೆದಿತ್ತು. ತಾಯಿ ಮಗ ಕೋಲು ಹಿಡಿದು ಪಟ್ಟಿ ದಾಟಿ ಬೋಳು ಎರೆಗೆ ಇಳಿದಿದ್ದರು. ಅಲ್ಲಿ ಹೊದಿಕೆಯಿಲ್ಲ. ಒಣಗಿ ಗಟ್ಟಿಯಾದ ಮಣ್ಣಿಗೆ ಕೋಲು ಇಳಿಯುತ್ತಿರಲಿಲ್ಲ, ಒಂದೊಂದು ಕುಣಿಗೂ ನಾಲ್ಕು ನಾಲ್ಕು ಏಟು. ಏಳು ಎಕರೆ ಹಾಗೆಯೇ ಬಾಕಿ ಇತ್ತು. ನಾನು ಬದುವಿನ ಮೇಲೆ ಸೈಕಲ್ ಹಿಡಿದು ನಿಂತೆ. ದೊಡ್ಡವ್ವ ತಲೆ ಎತ್ತಲಿಲ್ಲ. ಮಗ ಕೋಲು ಊರಿ ನನ್ನ ಬಳಿ ಬಂದ. ಅವನ ಅಂಗೈಗೆ ಬಟ್ಟೆ ಸುತ್ತಿತ್ತು.

“ಸಾಹೇಬ್ರ, ಬೀಗರು ಹೇಳಿದ್ರು, ನೀವು ಹಂಗ ಅಂದಿಲ್ಲಂತ. ನಾ ಭಾಳ ವಿಚಾರ ಮಾಡಿದ್ನಿ. ನಿದ್ದಿ ಬರವಲ್ದು. ನೀವು ಚಹಾ ಕುಡೀತಾ ಅಂದಂಗ ನನಗ ನೆನಪೈತ್ರಿ. ನನಗ ಭ್ರಮಿ ಆಗಿತ್ತೇನ್ರಿ?”

ದೊಡ್ಡವ್ವನ ಕೋಲು ನಿಂತಿತು. ಅವಳು ನನ್ನನ್ನು ನೋಡಿದಳು. ಆ ದಿನ ರೊಟ್ಟಿ ಬಡಿಯುತ್ತಿದ್ದವಳಿಗೆ ಎಲ್ಲ ಕೇಳಿಸಿತ್ತೆಂದು ನನಗೆ ಆಗ ಖಾತ್ರಿಯಾಯಿತು. ತಾಯಿಯ ಮಾತನ್ನು ಯಾರೂ ಸಾಕ್ಷಿ ಎನ್ನುವುದಿಲ್ಲ, ನಾನೇ ಹೇಳಲಿ ಎಂದು ಕಾದಳು.

“ಇರಬೇಕು,” ಎಂದೆ.

ಅವನು ಗೋಣು ಹಾಕಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಬಟ್ಟೆ ಸುತ್ತಿದ ಕೈಗಳನ್ನು ಜೋಡಿಸಿದ.

“ಹಂಗಾದ್ರ ಊರ ತುಂಬ ನಿಮಗ ಸುಮ್ನ ಕೆಟ್ಟ ಹೆಸರ ತಂದ್ನಿ. ತಪ್ಪಾತ್ರಿ ಸಾಹೇಬ್ರ. ಹೊಟ್ಯಾಗ ಹಾಕ್ಕೊಳ್ರಿ.”

“ಇರಲಿ ಬಿಡಣ್ಣಾ,” ಎಂದು ನಾನು ಅವನನ್ನು ಕ್ಷಮಿಸಿದೆ.