ವಿಭೂತಿಯಲ್ಲಿ ಮೂಡಿದ ಬಿರುಕು

ಇಂಗಾಲದ ನ್ಯಾನೊ ಕೊಳವೆ ಎಂದರೆ ಆಗ ಬೆಳಗಾವಿಯಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ನನ್ನ ಗೈಡ್ ಎಲ್ಲಿಂದಲೋ ಕಾಡಿ ಬೇಡಿ ಚಿಟಿಕೆಯಷ್ಟು ತರಿಸಿದ್ದರು; ನೋಡಿದರೆ ಥೇಟ್ ಒಲೆಯ ಮಸಿ. ಅದನ್ನು ರಾಳದಲ್ಲಿ ಕಲಸಿ ಅಚ್ಚಿಗೆ ಹೊಯ್ದರೆ ಗಟ್ಟಿ ಕರಿ ಪಟ್ಟಿಯಾಗುತ್ತಿತ್ತು. ಕಣ್ಣಿಗೆ ಕಾಣದ ಆ ಕೊಳವೆಗಳು ಒಂದಕ್ಕೊಂದು ತಾಗಿಕೊಂಡು ಪಟ್ಟಿಯೊಳಗೆ ಕರೆಂಟು ಹರಿಸುತ್ತವೆ. ಬಿರುಕು ಬಿಟ್ಟರೆ ದಾರಿ ತುಂಡಾಗಿ ಮೀಟರಿನಲ್ಲಿ ರೋಧ ಏರಬೇಕು. ಕಣ್ಣಿಗಿಂತ ಮೊದಲು ಮೀಟರಿಗೆ ಬಿರುಕು ಗೊತ್ತಾಗುತ್ತದೆ ಎಂದು ತೋರಿಸುವುದೇ ನನ್ನ ಎಂ.ಟೆಕ್. ಪ್ರಾಜೆಕ್ಟು.

ಒಂದು ಮಳೆಗಾಲದ ಮಧ್ಯಾಹ್ನ ಕೊನೆಯ ಪಟ್ಟಿಯನ್ನು ಸ್ಕ್ರೂ ತಿರುಗಿಸಿ ಬಿಲ್ಲಿನಂತೆ ಮೇಲಕ್ಕೆ ಬಗ್ಗಿಸುತ್ತಿದ್ದೆ. ಮೀಟರು ಏರಿತು. ನಾನು ಕುಣಿಯುವುದೊಂದೇ ಬಾಕಿ. ಗೈಡ್ ಭೂತಗನ್ನಡಿ ಹಿಡಿದು ನೋಡಿದರು. ಪಟ್ಟಿ ನುಣ್ಣಗೆ ಹೊಳೆಯುತ್ತಿತ್ತು.

“ಎಲ್ಲೈತಿ ತಂಗಿ ಬಿರುಕು? ವಾಯರ್ ಸಡಲಾಗಿರಬೇಕು. ಇದನ್ನ ಬರಿಯಾಕ ಬರೂದಿಲ್ಲ.”

ಕೊಳವೆಗಳ ಪುಡಿ ಮುಗಿದಿತ್ತು, ಇನ್ನೊಂದು ಪಟ್ಟಿ ಮಾಡುವಂತಿರಲಿಲ್ಲ. ವರ್ಷವಿಡೀ ದುಡಿದದ್ದು ನೀರಲ್ಲಿ ಹೋಮ. ನನಗೋ ಮೂಗಿನ ತುದಿಯಲ್ಲೇ ಕೋಪ.

“ವಾಯರ್ ಗಟ್ಟಿ ಐತ್ರಿ ಸರ್. ಮೀಟರ್ ಖರೇನ ಹೇಳಾಕತ್ತೈತಿ!”

ವರ್ಕ್‌ಶಾಪಿನಲ್ಲಿ ಎರಕದ ಕಬ್ಬಿಣಕ್ಕೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಿದ್ದುದು ನೆನಪಾಯಿತು. ಬಿರುಕಿಗೆ ಇಳಿದ ಎಣ್ಣೆಯನ್ನು ಪುಡಿ ಹೀರಿಕೊಂಡರೆ ಗೆರೆ ಕಾಣುತ್ತದೆ. ನಮ್ಮ ಮನೆಯಲ್ಲಿ ಚಿಮಣಿ ಎಣ್ಣಿ ಎನ್ನುವ ಸೀಮೆಎಣ್ಣೆ ಅಲ್ಲೇ ಇತ್ತು, ಪಟ್ಟಿಗೆ ಹಚ್ಚಿ ಒರೆಸಿದೆ. ಸೀಮೆಸುಣ್ಣ ಮಾತ್ರ ಮಳೆಯ ಥಂಡಿಗೆ ಮುದ್ದೆಯಾಗಿತ್ತು. ಆಗ ನನ್ನ ಕಣ್ಣು ಗೈಡರ ಹಣೆಯ ವಿಭೂತಿಯ ಮೇಲೆ ನಿಂತಿತು. ಅವರ ಮೇಜಿನ ಖಾನೆಯಲ್ಲಿ ಯಾವಾಗಲೂ ಒಂದು ವಿಭೂತಿ ಗಟ್ಟಿ ಇರುತ್ತಿತ್ತು.

“ಸರ್, ನಿಮ್ಮ ವಿಭೂತಿ ಕೊಡ್ರಿ.”

ಅವರು ಕನ್ನಡಕದ ಮೇಲಿಂದ ನೋಡಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವರು ಖಾನೆ ಎಳೆದರು, ಗಟ್ಟಿಯನ್ನು ಹಣೆಗೊತ್ತಿಕೊಂಡರು, ಆಮೇಲೆ ತಾವೇ ಉಗುರಿನಿಂದ ಕೆರೆದು ಪಟ್ಟಿಯ ಮೇಲೆ ಉದುರಿಸಿ ಬೆರಳಿಂದ ಸವರಿದರು.

ಕರಿ ಪಟ್ಟಿ ಬಿಳಿಯಾಯಿತು. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದೆವು. ನಡುವೆ ಕೂದಲೆಳೆಯಷ್ಟು ಸಣ್ಣ ತೇವದ ಗೆರೆಯೊಂದು ಮೆಲ್ಲಗೆ ಮೂಡಿತು.

“ಬರಿ ತಂಗಿ, ಬರಿ” ಎಂದು ನಕ್ಕರು. ಬೆರಳಿಗೆ ಉಳಿದದ್ದನ್ನು ನನ್ನ ಹಣೆಗೆ ಎಳೆದರು. ಪದವಿ ಕೈಗೆ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಲಿಲ್ಲ.

ಅಂದು ಸಂಜೆ ಬಸ್ಸು ಹತ್ತಿ ಖಾನಾಪುರದ ಮನೆಗೆ ಹೋದೆ. ದಾರಿಯುದ್ದಕ್ಕೂ ಹಣೆ ಒರೆಸಿಕೊಳ್ಳಲಿಲ್ಲ. ಬಾಗಿಲು ತೆಗೆದ ಅವ್ವ ಹಣೆ ನೋಡಿದಳು, ಹತ್ತಿರ ಬಂದು ಮೂಸಿದಳು.

“ಯಾವ ಗುಡಿಗಿ ಹೋಗಿದ್ದಿ ಬೇ? ವಿಭೂತಿ ಚಿಮಣಿ ಎಣ್ಣಿ ನಾತ ಹೊಡ್ಯಾಕತ್ತೈತಿ!”